ಮೊದಲು ಗೇಟು ನೋಡು

ಎದುರುಮನೆ ನಾಯಿಯ ವಿಷಯ ನೀನು ಫೋನಿನಲ್ಲಿ ಹೇಳಿದ್ದನ್ನು ಪೂರ್ತಿ ಕೇಳಿಸಿಕೊಂಡೆ, ಪುಟ್ಟೀ. ಆದರೆ ನಾನು ಹೇಳಬೇಕಾದ್ದು ಅರ್ಧಂಬರ್ಧ ಆಯಿತು. ಬರೆದರೆ ನಿಮ್ಮ ಮನೆಯವರೂ ಓದುತ್ತಾರೆ, ಬೇಕಾದಾಗ ತೆಗೆದು ನೋಡಿಕೊಳ್ಳಬಹುದು ಅಂತ ಕೂತು ಬರೆಯುತ್ತಿದ್ದೇನೆ.

ನೀನು ಹೆದರಿದ್ದು ಸರಿಯಾಗೇ ಇದೆ. ಬೆಳಿಗ್ಗೆ ಹಾಲು ತರೋಣ ಅಂತ ಗೇಟು ದಾಟಿದರೆ ಅಷ್ಟು ದೊಡ್ಡ ನಾಯಿ ಮೈಮೇಲೆ ಬರುತ್ತದೆ. ಅದರ ಯಜಮಾನರು ವರಾಂಡದಲ್ಲಿ ನಿಂತು "ಏನೂ ಮಾಡಲ್ಲ, ಹೆದರಬೇಡಿ" ಅನ್ನುತ್ತಾರೆ. ಅವರು ಸುಳ್ಳು ಹೇಳುತ್ತಿಲ್ಲ. ಅವರ ಕೈಯಲ್ಲೇ ಉಂಡು ಬೆಳೆದ ನಾಯಿ ಅವರಿಗೆ ನಿಜವಾಗಿಯೂ ಏನೂ ಮಾಡುವುದಿಲ್ಲ. ರಸ್ತೆಯಲ್ಲಿ ಹೋಗುವವರಿಗೆ ಏನು ಮಾಡುತ್ತದೆ ಅನ್ನುವುದು ಮಾತ್ರ ಅವರಿಗೂ ಗೊತ್ತಿಲ್ಲ. ಹಾಗಾಗಿ "ನಾನೇ ಅತಿ ಮಾಡ್ತಿದೀನೇನೋ" ಅನ್ನುವ ಸಂಕೋಚವನ್ನು ಇವತ್ತೇ ಬಿಡು. ಆರು ವರ್ಷದ ಮಗು ಇರುವ ತಾಯಿ ನೀನು. ಕಚ್ಚುವವರೆಗೆ ಕಾಯಬೇಕು ಅಂತ ಯಾವ ಕಾನೂನಿನಲ್ಲೂ ಇಲ್ಲ, ಯಾವ ನೆರೆಹೊರೆಯ ಧರ್ಮದಲ್ಲೂ ಇಲ್ಲ.

ಬೊಗಳುವ ನಾಯಿ ಕಚ್ಚುವುದಿಲ್ಲ ಅನ್ನುವ ಗಾದೆಯನ್ನೂ ಈ ವಿಷಯದಲ್ಲಿ ಮರೆತುಬಿಡು. ಬೊಗಳುವುದೂ ಕಚ್ಚುತ್ತದೆ, ಬೊಗಳದ್ದೂ ಕಚ್ಚುತ್ತದೆ. ನೋಡಬೇಕಾದ್ದು ನಾಯಿಯ ಮೈ. ಹಿಂದೆ ಮುಂದೆ ಓಡಾಡುತ್ತಾ, ಬಾಯಿ ತೆರೆದು, ಒಂದೇ ಸಮನೆ ಬೊಗಳುವ ನಾಯಿ ಹೆಚ್ಚಾಗಿ "ದೂರ ಹೋಗು" ಅನ್ನುತ್ತಿರುತ್ತದೆ. ಬೊಗಳುತ್ತಿದ್ದದ್ದು ತಟ್ಟನೆ ನಿಲ್ಲಿಸಿ, ಬಾಯಿ ಮುಚ್ಚಿ, ಮೈಯೆಲ್ಲ ಬಿಗಿ ಮಾಡಿಕೊಂಡು, ಬಾಲ ನೆಟ್ಟಗೆತ್ತಿ, ಬೆನ್ನ ಮೇಲಿನ ಕೂದಲು ನಿಮಿರಿಸಿ ಒಂದೇ ಕಡೆ ದಿಟ್ಟಿಸುತ್ತದಲ್ಲ, ಅದು ಅಪಾಯದ ಗಳಿಗೆ. ಬಾಲ ಆಡಿಸುತ್ತಿದೆ, ಪಾಪ ಒಳ್ಳೆಯ ನಾಯಿ ಅಂದುಕೊಳ್ಳುವುದೂ ತಪ್ಪು. ಎತ್ತಿದ ಬಾಲವನ್ನು ಬಿಗಿಯಾಗಿ, ಸಣ್ಣಗೆ ಆಡಿಸುತ್ತಿದ್ದರೆ ಅದು ಪ್ರೀತಿಯಲ್ಲ.

ಈಗ ಮುಖ್ಯ ವಿಷಯ. ನಿನ್ನ ಕೋಪವೆಲ್ಲ ನಾಯಿಯ ಮೇಲೆ ಹೋಗುತ್ತಿದೆ. ಅದನ್ನು ಬಿಟ್ಟು ಎದುರುಮನೆಯ ಗೇಟನ್ನು ನೋಡಲು ಶುರು ಮಾಡು. ಗೇಟು ಹಾಕಿದ್ದರೆ ಈ ಕಷ್ಟವೇ ಇಲ್ಲ. ಹಾಗಾದರೆ ಅದು ಯಾಕೆ ತೆರೆಯುತ್ತದೆ, ಯಾವಾಗ ತೆರೆಯುತ್ತದೆ, ಯಾರು ತೆರೆಯುತ್ತಾರೆ? ಒಂದು ವಾರ ಸುಮ್ಮನೆ ಗಮನಿಸು. ಬೆಳಿಗ್ಗೆ ಬಹಿರ್ದೆಸೆಗೆ ಅಂತ ಅವರೇ ಬಿಡುತ್ತಾರೋ, ಪೇಪರಿನವನು ಬಂದು ಹೋದ ಮೇಲೆ ಚಿಲಕ ಹಾಕುವವರು ಇರುವುದಿಲ್ಲವೋ, ಕೆಲಸದಾಕೆ ಎರಡೂ ಕೈಯಲ್ಲಿ ಕಸದ ಬುಟ್ಟಿ ಹಿಡಿದು ಬರುವಾಗ ನುಸುಳಿಕೊಳ್ಳುತ್ತದೋ? ಸರಸ್ವತಿಪುರಂನ ಹಳೇ ಮನೆಗಳ ಕಬ್ಬಿಣದ ಗೇಟುಗಳು ನನಗೆ ಚೆನ್ನಾಗಿ ಗೊತ್ತು. ತಿರುಗಣಿ ಸವೆದು ಒಂದು ಕದ ಕೆಳಕ್ಕೆ ಜಗ್ಗಿರುತ್ತದೆ, ಹಾಗಾಗಿ ಚಿಲಕದ ನಾಲಿಗೆ ತೂತಿಗೆ ಸರಿಯಾಗಿ ಕೂರುವುದಿಲ್ಲ. ನೋಡುವುದಕ್ಕೆ ಮುಚ್ಚಿದ ಹಾಗೇ ಇರುತ್ತದೆ, ನಾಯಿ ಮೂತಿಯಲ್ಲಿ ಎರಡು ಸಲ ತಳ್ಳಿದರೆ ತೆರೆದುಕೊಳ್ಳುತ್ತದೆ. ವೆಲ್ಡಿಂಗ್‌ನವರು ಅರ್ಧ ದಿನದಲ್ಲಿ ಮುಗಿಸುವ ಕೆಲಸ ಅದು. ಅಷ್ಟು ಸಣ್ಣ ಕೆಲಸ ಆಗದೆ ಎಷ್ಟೋ ಮನೆಗಳ ನಡುವೆ ವರ್ಷಗಟ್ಟಲೆ ಮಾತು ಬಿಟ್ಟುಹೋಗಿರುವುದನ್ನು ಇದೇ ಊರಿನಲ್ಲಿ ನೋಡಿದ್ದೇನೆ.

ಆ ಮನೆಯವರ ಪರಿಸ್ಥಿತಿಯನ್ನೂ ಸ್ವಲ್ಪ ಯೋಚಿಸು. ನೀನೇ ಹೇಳಿದೆ, ಇಬ್ಬರೇ ವಯಸ್ಸಾದವರು, ಮಗ ಅಮೆರಿಕದಲ್ಲಿ, ನಾಯಿ ಅವನು ಇಲ್ಲಿದ್ದಾಗ ತಂದದ್ದು ಅಂತ. ನಮ್ಮ ಮೈಸೂರಿನಲ್ಲಿ ಇಂಥ ಮನೆ ಬೀದಿಗೆ ಎರಡಾದರೂ ಇವೆ. ಮಕ್ಕಳು ಆಸೆಯಿಂದ ಮರಿ ತರುತ್ತಾರೆ, ಓದು, ಕೆಲಸ ಅಂತ ಹಾರಿಹೋಗುತ್ತಾರೆ. ಮೂವತ್ತು ಕೆಜಿ ತೂಗುವ ನಾಯಿ ಮಂಡಿನೋವಿನ ಅಪ್ಪ ಅಮ್ಮನ ಪಾಲಿಗೆ ಉಳಿಯುತ್ತದೆ. ಚೈನು ಹಿಡಿದು ಹೊರಟರೆ ಅದು ಎಳೆದ ಎಳೆತಕ್ಕೆ ಬಿದ್ದು ಸೊಂಟ ಮುರಿದುಕೊಂಡೇವು ಅನ್ನುವ ಭಯ ಅವರಿಗೆ. ಅದಕ್ಕೇ ಗೇಟು ತೆರೆದು "ಹೋಗಿ ಬಾ" ಅಂದುಬಿಡುತ್ತಾರೆ. ಉಳಿದ ಹೊತ್ತೆಲ್ಲ ಅದು ಕಾಂಪೌಂಡಿನೊಳಗೆ ಕಟ್ಟಿಹಾಕಿಸಿಕೊಂಡು ಹೋಗಿಬರುವವರನ್ನೆಲ್ಲ ನೋಡಿ ಕುದಿಯುತ್ತಿರುತ್ತದೆ. ದಿನವೆಲ್ಲ ಕಟ್ಟಿಹಾಕಿದ ನಾಯಿ ಬಿಟ್ಟ ಕೂಡಲೇ ಸಿಕ್ಕವರ ಮೇಲೆ ಹೋಗುವುದರಲ್ಲಿ ಆಶ್ಚರ್ಯವಿಲ್ಲ. 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯಲ್ಲೇ ಈ ಮಾತಿದೆ ಗೊತ್ತಾ? ತೀರಾ ಗಿಡ್ಡ ಚೈನಿನಲ್ಲಿ ಹೊತ್ತುಗಟ್ಟಲೆ ಕಟ್ಟುವುದೂ, ಸದಾ ಕಟ್ಟಿಹಾಕಿದ ನಾಯಿಗೆ ಸಾಕಷ್ಟು ಓಡಾಟ ಕೊಡದಿರುವುದೂ ಹಿಂಸೆಯೇ ಅಂತ ಅದರ 11ನೇ ಸೆಕ್ಷನ್ ಹೇಳುತ್ತದೆ. ಆ ನಾಯಿಗೂ ನ್ಯಾಯ ಸಿಗಬೇಕಾಗಿದೆ ಅನ್ನುವುದು ನಿನ್ನ ಮನಸ್ಸಿನಲ್ಲಿರಲಿ. ಆಗ ಮಾತಿನ ಧಾಟಿಯೇ ಬೇರೆ ಬರುತ್ತದೆ.

ಮಾತಾಡಲು ಹೋಗುವ ಹೊತ್ತು ನೋಡಿಕೊಂಡು ಹೋಗು. ನಾಯಿ ಅಟ್ಟಿಸಿಕೊಂಡು ಬಂದ ಗಳಿಗೆಯಲ್ಲೇ ಗೇಟಿನಲ್ಲಿ ನಿಂತು ಕೂಗಾಡಿದರೆ ನಾಲ್ಕು ಮನೆ ಕಿಟಕಿ ತೆರೆಯುತ್ತವೆ. ಅವರಿಗೆ ಅವಮಾನವಾಗುತ್ತದೆ, ಆಮೇಲೆ ಅವರು ನಾಯಿಯನ್ನು ಬಿಟ್ಟು ತಮ್ಮ ಮರ್ಯಾದೆಯನ್ನು ಕಾಯಲು ಶುರು ಮಾಡುತ್ತಾರೆ. ಸಂಜೆ ಐದೂವರೆ ಹೊತ್ತಿಗೆ, ಕಾಫಿ ಆದ ಮೇಲೆ, "ಆಂಟಿ, ಒಂದೈದು ನಿಮಿಷ ಬಿಡುವಿದ್ಯಾ, ಬರಲಾ" ಅಂತ ಫೋನ್ ಮಾಡಿ ಕೇಳು. ನಾಯಿ ಒಳಗೆ ಕಟ್ಟಿದ್ದಾರೆ ಅಂತ ಖಾತ್ರಿ ಮಾಡಿಕೊಂಡು ಇಬ್ಬರೂ ಜೊತೆಗೆ ಹೋಗಿ. ಬರಿಗೈಲಿ ಹೋಗಬೇಡ, ನಾಲ್ಕು ಬಾಳೆಹಣ್ಣಾದರೂ ಇರಲಿ. ಮಗುವನ್ನು ಕರೆದೊಯ್ಯಬೇಡ.

ಅಲ್ಲಿ ಹೇಳಬೇಕಾದ್ದು ಮೂರೇ ಮಾತು. ಏನಾಯಿತು ಅನ್ನುವುದು ಒಂದು: "ಸೋಮವಾರ ಬೆಳಿಗ್ಗೆ ನಿಮ್ಮ ನಾಯಿ ಹೊರಗಿತ್ತು, ಮಗು ಸ್ಕೂಲ್ ವ್ಯಾನ್ ಹತ್ತೋಕೆ ಹೋದಾಗ ಅಟ್ಟಿಸಿಕೊಂಡು ಬಂತು, ಅವನು ಈಗ ರಾತ್ರಿ ಬೆಚ್ಚಿಬೀಳ್ತಾನೆ." "ಯಾವಾಗ್ಲೂ ಬಿಡ್ತೀರ", "ನಿಮಗೆ ಜವಾಬ್ದಾರಿನೇ ಇಲ್ಲ" ಅನ್ನುವ ಮಾತು ಬಾಯಿಗೆ ಬಂದರೂ ನುಂಗಿಕೋ. ಎರಡನೆಯದು, ಏನು ಬೇಕು ಅನ್ನುವುದು: ಗೇಟಿನ ಚಿಲಕ ಸರಿಯಾಗಬೇಕು, ಚೈನು ಹಿಡಿಯದೆ ನಾಯಿ ಹೊರಗೆ ಬರಬಾರದು. ಮೂರನೆಯದು, ನೀವೇನು ಮಾಡಬಲ್ಲಿರಿ ಅನ್ನುವುದು: ವೆಲ್ಡಿಂಗ್‌ನವರನ್ನು ಕರೆಸಿಕೊಡುವುದು, ಬೆಳಿಗ್ಗೆ ಸಂಜೆ ನಾಯಿ ತಿರುಗಾಡಿಸಲು ಗಟ್ಟಿ ಕೈಯ ಹುಡುಗನೊಬ್ಬನನ್ನು ಹುಡುಕಿಕೊಡುವುದು. ದುಡ್ಡು ಅವರು ಕೊಡಲಿ, ಓಡಾಟ ನಿಮ್ಮದಾಗಲಿ. ವಯಸ್ಸಾದವರಿಗೆ ಸಾಮಾನ್ಯವಾಗಿ ದುಡ್ಡಿಗಿಂತ ಓಡಾಟವೇ ಕಷ್ಟ.

ಮಾತು ಸಲೀಸಾಗಿ ಹೋದರೆ ಇನ್ನೆರಡು ವಿಷಯ ಮೆಲ್ಲಗೆ ಎತ್ತು. ನಾಯಿಗೆ ರೇಬಿಸ್ ಚುಚ್ಚುಮದ್ದು ಆಗಿದೆಯಾ, ಕಾರ್ಡ್ ಇದೆಯಾ ಅಂತ ಕೇಳು. ಮರಿಗೆ ಮೂರು ತಿಂಗಳಾದಾಗ ಶುರುವಾಗಿ ವರ್ಷಾವರ್ಷ ಹಾಕಿಸಬೇಕಾದ್ದು ಅದು. ಜುಲೈ 6ರ ಸುಮಾರಿಗೆ, ಪ್ರಾಣಿಜನ್ಯ ರೋಗಗಳ ದಿನ ಅಂತ, ಸರ್ಕಾರಿ ಪಶು ಆಸ್ಪತ್ರೆಗಳಲ್ಲಿ ಉಚಿತವಾಗಿ ಹಾಕುತ್ತಾರೆ. 1885ರಲ್ಲಿ ಪ್ಯಾರಿಸ್ಸಿನಲ್ಲಿ ಲೂಯಿ ಪಾಶ್ಚರ್ ಹುಚ್ಚುನಾಯಿ ಕಚ್ಚಿದ ಹುಡುಗನಿಗೆ ಮೊದಲ ಸಲ ಲಸಿಕೆ ಕೊಟ್ಟ ದಿನ ಅದು. ಇನ್ನೊಂದು, ಗಂಡು ನಾಯಿಯಾದರೆ ಸಂತಾನಹರಣದ ಆಪರೇಷನ್ ಮಾಡಿಸುವ ಯೋಚನೆ ಇದೆಯಾ ಅಂತ. ಮಾಡಿಸಿದರೆ ಹೆಣ್ಣು ನಾಯಿ ಹುಡುಕಿಕೊಂಡು ಗೇಟು ಹಾರುವುದು ಕಡಿಮೆಯಾಗುತ್ತದೆ. ಸುಮ್ಮನಿದ್ದ ನಾಯಿ ಈಚೆಗಷ್ಟೇ ಹೀಗೆ ರೇಗಲು ಶುರು ಮಾಡಿದ್ದರೆ ಪಶುವೈದ್ಯರಿಗೆ ತೋರಿಸಲೇಬೇಕು. ಕಿವಿಯೊಳಗೆ ಹುಣ್ಣಾಗಿ, ಸೊಂಟ ಹಿಡಿದುಕೊಂಡು ನೋವು ತಿನ್ನುವ ನಾಯಿ ಮುಟ್ಟಲು ಬಂದವರ ಮೇಲೆಲ್ಲ ಹರಿಹಾಯುತ್ತದೆ.

ಜಾತಿಯ ಮಾತು ಎತ್ತಬೇಡ. "ರಾಟ್‌ವೀಲರ್ ಬ್ಯಾನ್ ಆಗಿದೆ, ನೀವು ಹೇಗೆ ಇಟ್ಕೊಂಡಿದ್ದೀರಿ" ಅಂತ ನಿಮ್ಮ ಮನೆಯವರು ವಾದಕ್ಕಿಳಿದರೆ ನಿಲ್ಲುವುದಿಲ್ಲ. 2024ರ ಮಾರ್ಚ್‌ನಲ್ಲಿ ಕೇಂದ್ರ ಸರ್ಕಾರ 23 ತಳಿಗಳನ್ನು ಸಾಕುವಂತಿಲ್ಲ ಅಂತ ಸುತ್ತೋಲೆ ಹೊರಡಿಸಿದ್ದು ನಿಜ. ಮರುತಿಂಗಳೇ ನಮ್ಮ ಕರ್ನಾಟಕ ಹೈಕೋರ್ಟ್ ಅದನ್ನು ರದ್ದು ಮಾಡಿತು. ಅದೂ ಅಲ್ಲದೆ ಗೇಟು ತೆರೆದಿದ್ದರೆ ನಾಟಿ ನಾಯಿಯೂ ಕಚ್ಚುತ್ತದೆ.

ಇನ್ನು ಮಾಡಬಾರದ್ದು. ಕಲ್ಲು ಹೊಡೆಯುವುದು, ಖಾರದ ಪುಡಿ ಎರಚುವುದು ಬೇಡ. ಒಂದು ಸಲ ಹೊಡೆತ ತಿಂದ ನಾಯಿ ಹೊಡೆದವರ ವಾಸನೆ, ನಡಿಗೆ ಎಲ್ಲ ನೆನಪಿಟ್ಟುಕೊಳ್ಳುತ್ತದೆ. ನಾಳೆ ನಿನ್ನ ಮೇಲಲ್ಲ, ನಿನ್ನ ಮಗುವಿನ ಮೇಲೆ ಬರುತ್ತದೆ. ಅನ್ನಕ್ಕೆ ಏನಾದರೂ ಬೆರೆಸಿ ಹಾಕಿದರೆ ಸರಿಹೋಗುತ್ತೆ ಅಂತ ಆ ಬೀದಿಯಲ್ಲಿ ಯಾರೋ ಅಂದರಂತಲ್ಲ, ಅಂಥವರ ಜೊತೆ ಈ ಮಾತೇ ಆಡಬೇಡ. ಪ್ರಾಣಿಯನ್ನು ಕೊಂದರೆ, ಊನ ಮಾಡಿದರೆ ಭಾರತೀಯ ನ್ಯಾಯ ಸಂಹಿತೆಯ 325ನೇ ಸೆಕ್ಷನ್ನಿನಲ್ಲಿ ಐದು ವರ್ಷದವರೆಗೆ ಸಜೆ ಇದೆ. ಶಿಕ್ಷೆಯ ಮಾತು ಬಿಡು, ಮೂಕಪ್ರಾಣಿಗೆ ವಿಷ ಹಾಕಿದ ಕೈ ನಮ್ಮ ಮನೆಯದಾಗುವುದು ಬೇಡ. ನಾಯಿಯ ವಿಡಿಯೊ ತೆಗೆದು ಬಡಾವಣೆಯ ವಾಟ್ಸ್ಆ್ಯಪ್ ಗುಂಪಿಗೆ ಹಾಕುವುದೂ ಬೇಡ. ವಿಡಿಯೊ ತೆಗೆ, ನಿನ್ನ ಹತ್ತಿರವೇ ಇರಲಿ. ಗುಂಪಿಗೆ ಹೋದ ಕೂಡಲೇ ನಾಯಿ ಪ್ರೀತಿಸುವವರು ಒಂದು ಕಡೆ, ಬೈಯುವವರು ಇನ್ನೊಂದು ಕಡೆ ನಿಂತು ನಿನ್ನ ಗೇಟಿನ ವಿಷಯ ಯಾರಿಗೂ ನೆನಪಿರುವುದಿಲ್ಲ.

ಪಾಲಿಕೆಯ ನಾಯಿ ಹಿಡಿಯುವ ವ್ಯಾನ್ ಕರೆಸಿಬಿಡೋಣ ಅಂದೆಯಲ್ಲ, ಅದರಿಂದ ಪ್ರಯೋಜನ ಇಲ್ಲ. ಆ ವ್ಯವಸ್ಥೆ ಇರುವುದು ಬೀದಿನಾಯಿಗಳಿಗೆ. 2023ರ ಪ್ರಾಣಿ ಸಂತಾನ ನಿಯಂತ್ರಣ ನಿಯಮಗಳ ಪ್ರಕಾರ ಬೀದಿನಾಯಿಯನ್ನು ಹಿಡಿದರೂ ಆಪರೇಷನ್ ಮಾಡಿ, ಚುಚ್ಚುಮದ್ದು ಹಾಕಿ, ಹಿಡಿದ ಜಾಗಕ್ಕೇ ತಂದು ಬಿಡಬೇಕು. 2025ರ ಆಗಸ್ಟಿನಲ್ಲಿ ಟಿವಿಯಲ್ಲಿ ದಿನವಿಡೀ ಬರುತ್ತಿದ್ದ ಸುಪ್ರೀಂ ಕೋರ್ಟ್ ಆದೇಶಗಳೂ ಬೀದಿನಾಯಿಗಳದ್ದೇ. ಕೊರಳಿಗೆ ಬೆಲ್ಟು ಹಾಕಿ ಮನೆಯಲ್ಲಿ ಸಾಕಿದ ನಾಯಿಗೆ ಯಜಮಾನರೇ ಜವಾಬ್ದಾರರು. ನಿನ್ನ ಪಾಲಿಗೆ ಅದು ಒಳ್ಳೆಯದೇ. ಬೀದಿನಾಯಿಯಾದರೆ ಯಾರನ್ನು ಕೇಳುವುದು ಅಂತ ಅಲೆಯಬೇಕು, ಇಲ್ಲಿ ಕೇಳಬೇಕಾದವರು ಎದುರುಮನೆಯಲ್ಲೇ ಇದ್ದಾರೆ.

ಗೇಟು ಸರಿಯಾಗುವವರೆಗೆ ಮಗುವನ್ನು ಕಾಯಬೇಕಲ್ಲ. ವ್ಯಾನಿನವರಿಗೆ ಹೇಳಿ ನಿಮ್ಮ ಗೇಟಿಗೆ ಒತ್ತಿಯೇ ನಿಲ್ಲಿಸಲು ಕೇಳಿಕೋ, ಹತ್ತುವವರೆಗೆ ದೊಡ್ಡವರೊಬ್ಬರು ಜೊತೆಗಿರಿ. ಹಿಂದಿನ ಕನ್ಸರ್ವೆನ್ಸಿಯಲ್ಲಿ ಕರೆದುಕೊಂಡು ಹೋಗ್ತೀನಿ ಅಂದೆ, ಅದು ಬೇಡ. ಪ್ಲೇಗು ಬಂದು ಹೋದ ಮೇಲೆ ನಗರಕ್ಕೆ ಗಾಳಿ ಬೆಳಕು ಬೇಕು ಅಂತ 1903ರಲ್ಲಿ ಸಿಐಟಿಬಿ ಅನ್ನುವ ನಗರ ಸುಧಾರಣಾ ಮಂಡಳಿ ಮಾಡಿ ಬಡಾವಣೆಗಳನ್ನು ಕಟ್ಟಿಸಿದ ಊರು ನಮ್ಮದು, ಮನೆಗಳ ಹಿಂದಿನ ಈ ಓಣಿಗಳಿಗೆ ಅವುಗಳದೇ ಉಪಯೋಗ ಇದೆ. ಆದರೆ ಎರಡೂ ಕಡೆ ಗೋಡೆ ಇರುವ ಕಿರಿದಾದ ಜಾಗದಲ್ಲಿ ನಾಯಿ ಎದುರಾದರೆ ನಿನಗೂ ದಾರಿ ಇಲ್ಲ, ಅದಕ್ಕೂ ದಾರಿ ಇಲ್ಲ. ಸಿಕ್ಕಿಹಾಕಿಕೊಂಡ ನಾಯಿ ಕಚ್ಚಿಯೇ ದಾರಿ ಮಾಡಿಕೊಳ್ಳುತ್ತದೆ. ಮುಂದಿನ ರಸ್ತೆಯೇ ಮೇಲು.

ಮಗುವಿಗೆ ಒಂದು ಆಟದ ಹಾಗೆ ಕಲಿಸು. ನಾಯಿ ಹತ್ತಿರ ಬಂದರೆ ಮರದ ಹಾಗೆ ನಿಂತುಬಿಡಬೇಕು. ಕೈ ಎರಡೂ ಮೈಗೆ ಅಂಟಿಸಿ, ನೆಲ ನೋಡುತ್ತಾ, ಕೂಗದೆ, ಓಡದೆ. ಅದು ಮೂಸಿ ನೋಡಿ ಆಸಕ್ತಿ ಕಳೆದುಕೊಂಡು ಹೋಗುತ್ತದೆ. ಬೀಳಿಸಿಬಿಟ್ಟರೆ ಕಾಲು ಮಡಚಿ ಮುದುಡಿಕೊಂಡು ಕೈಬೆರಳು ಹೆಣೆದು ಕತ್ತಿನ ಹಿಂಭಾಗ ಮುಚ್ಚಿಕೊಳ್ಳಬೇಕು, ಮೊಣಕೈಯಲ್ಲಿ ಕಿವಿ, ಮುಖ ಮುಚ್ಚಬೇಕು. ಹಜಾರದಲ್ಲಿ ನೀನೇ ನಾಯಿಯಾಗಿ ಆಟವಾಡಿಸು, ಬೇಗ ಕಲಿಯುತ್ತಾನೆ. ನಿನಗೂ ಅದೇ ಮಾತು, ಓಡಬೇಡ. ಪಕ್ಕಕ್ಕೆ ತಿರುಗಿ ನಿಲ್ಲು, ಕಣ್ಣಲ್ಲಿ ಕಣ್ಣಿಟ್ಟು ನೋಡಬೇಡ, ಕೈಯಲ್ಲಿರುವ ಬ್ಯಾಗೋ ಕೊಡೆಯೋ ನಡುವೆ ಹಿಡಿದು ಮೆಲ್ಲಗೆ ಹಿಂದೆ ಸರಿ. ಸ್ಕೂಟರಿನಲ್ಲಿದ್ದಾಗ ಜೋರಾಗಿ ಓಡಿಸಿ ತಪ್ಪಿಸಿಕೊಳ್ಳಲು ನೋಡಬೇಡ, ನಿಧಾನ ಮಾಡು. ಓಡುವ ಚಕ್ರವನ್ನು ಅಟ್ಟುವುದೇ ಅದಕ್ಕೆ ಖುಷಿ. ಗಾಬರಿಯಲ್ಲಿ ಬಿದ್ದು ತಲೆಗೆ ಪೆಟ್ಟಾಗುವುದು ಕಚ್ಚಿಸಿಕೊಳ್ಳುವುದಕ್ಕಿಂತ ಕೆಟ್ಟದ್ದು.

ದೇವರ ದಯೆಯಿಂದ ಹಾಗಾಗದಿರಲಿ, ಆದರೂ ಹಲ್ಲೋ ಉಗುರೋ ತಾಗಿಬಿಟ್ಟರೆ ಏನು ಮಾಡಬೇಕು ಅನ್ನುವುದನ್ನು ಮನೆಯವರೆಲ್ಲ ಬಾಯಿಪಾಠ ಮಾಡಿಕೊಳ್ಳಿ. ಮೊದಲು ನಲ್ಲಿ. ಹರಿಯುವ ನೀರಿನ ಕೆಳಗೆ ಗಾಯ ಹಿಡಿದು ಸೋಪು ಹಚ್ಚಿ ತೊಳೆಯಬೇಕು, ಒಂದೆರಡು ನಿಮಿಷ ಅಲ್ಲ, ಗಡಿಯಾರ ನೋಡಿಕೊಂಡು 15 ನಿಮಿಷ. ಮಗು ಅತ್ತರೂ ಬಿಡಬೇಡ. ಜೊಲ್ಲಿನಲ್ಲಿರುವ ವೈರಾಣುವನ್ನು ಗಾಯದಲ್ಲೇ ಸಾಯಿಸುವುದಕ್ಕೆ ಇದಕ್ಕಿಂತ ಸುಲಭದ ಉಪಾಯ ಇಲ್ಲ. ಅರಿಶಿನ, ಸುಣ್ಣ, ಖಾರದ ಪುಡಿ ಯಾವುದೂ ಬೇಡ. ನಮ್ಮ ಮನೆಗಳಲ್ಲಿ ರಕ್ತ ಕಂಡರೆ ಕೈ ಕಾಫಿಪುಡಿ ಡಬ್ಬಿಗೆ ಹೋಗುತ್ತದೆ, ಅದೂ ಬೇಡ. ಬಟ್ಟೆ ಬಿಗಿದು ಕಟ್ಟಬೇಡ. ತೊಳೆದಾದ ಮೇಲೆ ನೇರ ಆಸ್ಪತ್ರೆಗೆ. ನಿಮ್ಮ ಮನೆಗೆ ಕೆ.ಆರ್. ಆಸ್ಪತ್ರೆ ಎಷ್ಟು ದೂರ, ಆಟೊದಲ್ಲಿ ಹತ್ತು ನಿಮಿಷ. ಸರ್ಕಾರಿ ಆಸ್ಪತ್ರೆಯಲ್ಲಿ ಈ ಚುಚ್ಚುಮದ್ದಿಗೆ ದುಡ್ಡಿಲ್ಲ.

ಚರ್ಮ ಕಿತ್ತು ರಕ್ತ ಬಂದಿದ್ದರೆ ಲಸಿಕೆಯೊಂದೇ ಸಾಲದು, ಗಾಯದ ಸುತ್ತ ಇಮ್ಯುನೊಗ್ಲೋಬುಲಿನ್ ಅನ್ನುವ ಮದ್ದನ್ನೂ ಚುಚ್ಚಬೇಕು. ಅದನ್ನು ನೀನೇ ಹೆಸರು ಹಿಡಿದು ಕೇಳು. ರಕ್ತ ಬರದ ಸಣ್ಣ ಗೀರಾದರೂ ಲಸಿಕೆ ಬೇಕೇ ಬೇಕು. ಚರ್ಮಕ್ಕೆ ಕೊಡುವ ಕ್ರಮದಲ್ಲಾದರೆ ಮೊದಲ ದಿನ, ಆಮೇಲೆ 3, 7, 28ನೇ ದಿನ. ಸ್ನಾಯುವಿಗೆ ಕೊಡುವ ಕ್ರಮದಲ್ಲಾದರೆ ನಡುವೆ 14ನೇ ದಿನವೂ ಒಂದು. ನಾಯಿಗೆ ಚುಚ್ಚುಮದ್ದಾಗಿದೆ, ಕಾರ್ಡ್ ಇದೆ ಅಂತ ಅವರು ಹೇಳಿದರೂ ಮೊದಲ ಡೋಸ್ ಅದೇ ದಿನ ಆಗಲಿ. ನಾಯಿಯನ್ನು ಹತ್ತು ದಿನ ಕಣ್ಣಿಟ್ಟು ನೋಡಬೇಕು. ಅದು ಆರೋಗ್ಯವಾಗಿದ್ದರೆ ಮುಂದಿನ ಡೋಸ್‌ಗಳ ವಿಷಯ ವೈದ್ಯರು ತೀರ್ಮಾನಿಸುತ್ತಾರೆ. ಅದಕ್ಕೇ ಕಚ್ಚಿದ ನಾಯಿಯನ್ನು ಯಾರೂ ಸಿಟ್ಟಿನಲ್ಲಿ ಕೊಲ್ಲದ ಹಾಗೆ, ಊರಾಚೆ ಬಿಟ್ಟುಬರದ ಹಾಗೆ ನೋಡಿಕೊಳ್ಳಬೇಕು. ರೇಬಿಸ್‌ನ ಲಕ್ಷಣ ಒಮ್ಮೆ ಕಾಣಿಸಿಕೊಂಡರೆ ಬದುಕಿಸುವ ಮದ್ದು ಇವತ್ತಿಗೂ ಇಲ್ಲ, ಲಕ್ಷಣಕ್ಕೆ ಮುಂಚೆ ಲಸಿಕೆ ಬಿದ್ದರೆ ಸಾವಿಲ್ಲ ಅಂತಲೇ ಹೇಳಬಹುದು. ನಡುವಿನ ಆ ಸಮಯವನ್ನು ಸಂಕೋಚಕ್ಕೋ ಸೋಮಾರಿತನಕ್ಕೋ ಕಳೆಯಬಾರದು.

ಇಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕು. ನಮ್ಮ ಕಾಲದಲ್ಲಿ ನಾಯಿ ಕಚ್ಚಿದರೆ ಹೊಕ್ಕುಳ ಸುತ್ತ ಹದಿನಾಲ್ಕು ಇಂಜೆಕ್ಷನ್. 1907ರಲ್ಲಿ ಕೂನೂರಿನಲ್ಲಿ ಪಾಶ್ಚರ್ ಸಂಸ್ಥೆ ಶುರುವಾಗಿ ದಕ್ಷಿಣದವರಿಗೆಲ್ಲ ಅಲ್ಲಿಂದಲೇ ಮದ್ದು ಬರಬೇಕಿತ್ತು. ಕುರಿಯ ಮಿದುಳಿನಿಂದ ತಯಾರಿಸುತ್ತಿದ್ದ ಆ ಹಳೇ ಲಸಿಕೆ ತುಂಬಾ ನೋಯುತ್ತಿತ್ತು, ಕೆಲವರಿಗೆ ನರಗಳಿಗೇ ತೊಂದರೆಯಾಗುತ್ತಿತ್ತು. ಆ ಹೆದರಿಕೆಗೆ ಮಕ್ಕಳು ನಾಯಿ ಪರಚಿದ್ದನ್ನು ಮನೆಯಲ್ಲಿ ಹೇಳುತ್ತಲೇ ಇರಲಿಲ್ಲ. ಚಡ್ಡಿಯ ಅಂಚು ಎಳೆದು ಗಾಯ ಮುಚ್ಚಿಕೊಂಡು ಊಟಕ್ಕೆ ಕೂರುತ್ತಿದ್ದವು. ಆ ಲಸಿಕೆಯನ್ನು ನಮ್ಮ ದೇಶದಲ್ಲಿ ನಿಲ್ಲಿಸಿ ಇಪ್ಪತ್ತು ವರ್ಷ ಆಯಿತು, ಈಗ ತೋಳಿಗೆ ಸಣ್ಣ ಸೂಜಿ, ಅಷ್ಟೇ. ಆದರೆ ಹೊಕ್ಕುಳಿನ ಇಂಜೆಕ್ಷನ್ ಕಥೆ ಅಜ್ಜ ಅಜ್ಜಿಯರ ಬಾಯಲ್ಲಿ ಇನ್ನೂ ಇದೆ, ಮಕ್ಕಳು ಕೇಳಿಸಿಕೊಂಡಿರುತ್ತವೆ. ಅದಕ್ಕೇ ಮಗನನ್ನು ಕೂರಿಸಿಕೊಂಡು ಹೇಳು: "ನಾಯಿ ಕಚ್ಚಿದ್ರೂ ಸರಿ, ಪರಚಿದ್ರೂ ಸರಿ, ಗಾಯದ ಮೇಲೆ ನೆಕ್ಕಿದ್ರೂ ಸರಿ, ಓಡಿ ಬಂದು ನನಗೆ ಹೇಳು. ನಾನು ಬೈಯಲ್ಲ." ಆ ಕೊನೆಯ ಮಾತನ್ನು ಎರಡು ಸಲ ಹೇಳು.

ಸರಿ, ನೀವು ಹೋಗಿ ಮಾತಾಡಿದಿರಿ, ಅವರು "ನೋಡೋಣ" ಅಂದರು, ಹದಿನೈದು ದಿನ ಕಳೆದರೂ ಗೇಟು ಹಾಗೇ ಇದೆ, ನಾಯಿ ಬೀದಿಯಲ್ಲೇ ಇದೆ. ಆಗ ಕಾಗದಕ್ಕೆ ಇಳಿಸಬೇಕು. ಅಲ್ಲಿಯವರೆಗೆ ಪ್ರತಿ ಸಲ ನಾಯಿ ಹೊರಗೆ ಬಂದದ್ದನ್ನು ಒಂದು ನೋಟ್‌ಬುಕ್ಕಿನಲ್ಲಿ ದಿನಾಂಕ, ಹೊತ್ತು, ಯಾರಿಗೆ ಏನಾಯಿತು, ಯಾರು ನೋಡಿದರು ಅಂತ ಬರೆದಿಟ್ಟುಕೋ. ನಾಯಿ ರಸ್ತೆಯಲ್ಲಿ ಒಂಟಿಯಾಗಿರುವ ಫೋಟೊ, ಕೊರಳಿನ ಬೆಲ್ಟು ಕಾಣುವ ಹಾಗೆ, ತೆಗೆದಿಡು. ಮೂಲೆಮನೆಯ ಕ್ಯಾಮೆರಾದಲ್ಲಿ ಸೆರೆಯಾಗಿದ್ದರೆ ಬೇಗ ಕೇಳಿ ಪಡೆದುಕೋ, ಕೆಲವು ದಿನಗಳಾದರೆ ಹಳೆಯದು ಅಳಿಸಿಹೋಗುತ್ತದೆ. ಪತ್ರ ಹೀಗಿದ್ದರೆ ಸಾಕು:

"ಮಾನ್ಯರೇ, ನಿಮ್ಮ ಮನೆಯ ಸಾಕುನಾಯಿ ಈ ಕೆಳಗಿನ ದಿನಗಳಲ್ಲಿ ಕಾವಲಿಲ್ಲದೆ ರಸ್ತೆಗೆ ಬಂದು ನಮ್ಮನ್ನೂ ನಮ್ಮ ಮಗುವನ್ನೂ ಅಟ್ಟಿಸಿಕೊಂಡು ಬಂದಿದೆ. ಈ ಬಗ್ಗೆ ನಿಮ್ಮ ಮನೆಗೆ ಬಂದು ಮಾತನಾಡಿದ್ದೆವು. ನಾಯಿಯಿಂದ ಜನರಿಗೆ ಅಪಾಯವಿದೆ ಎಂಬುದನ್ನು ಮತ್ತೊಮ್ಮೆ ನಿಮ್ಮ ಗಮನಕ್ಕೆ ತರುತ್ತಿದ್ದೇವೆ. ಗೇಟಿನ ಚಿಲಕವನ್ನು ಸರಿಪಡಿಸಿ, ಚೈನು ಹಿಡಿಯದೆ ನಾಯಿಯನ್ನು ಹೊರಗೆ ಬಿಡದಂತೆ ಕೋರುತ್ತೇವೆ."

ಇಷ್ಟೇ. ಬೈಗುಳ ಬೇಡ, ಬೆದರಿಕೆ ಬೇಡ. "ಗಮನಕ್ಕೆ ತರುತ್ತಿದ್ದೇವೆ" ಅನ್ನುವ ಸಾಲು ಮಾತ್ರ ಇರಲೇಬೇಕು. ನಾಯಿಯ ಸ್ವಭಾವ ನನಗೆ ಗೊತ್ತೇ ಇರಲಿಲ್ಲ ಅಂತ ನಾಳೆ ಯಾರೂ ಹೇಳುವ ಹಾಗಿಲ್ಲ. ಪರಿಹಾರ ಕೇಳಿ ಸಿವಿಲ್ ಕೋರ್ಟಿಗೆ ಹೋಗುವ ಸಂದರ್ಭ ಬಂದರೂ ಯಜಮಾನರಿಗೆ ಮುಂಚೆಯೇ ತಿಳಿದಿತ್ತು ಅನ್ನುವುದಕ್ಕೆ ಬಹಳ ಬೆಲೆ. ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ ರಸೀದಿ ಇಟ್ಟುಕೋ. ರಿಜಿಸ್ಟರ್ಡ್ ಪೋಸ್ಟ್ ಈಗ ಅದಕ್ಕೇ ಸೇರಿಹೋಗಿದೆ. ನಾಯಿಯಿಂದ ತೊಂದರೆಯಾದ ಇನ್ನೊಂದೆರಡು ಮನೆಯವರೂ ಸಹಿ ಹಾಕಿದರೆ ಒಳ್ಳೆಯದು. ಹಾಲಿನವನು, ಪೇಪರಿನ ಹುಡುಗ, ಪೌರಕಾರ್ಮಿಕರು ಇವರನ್ನೂ ಕೇಳಿ ನೋಡು. ದಿನಾ ಬೆಳಿಗ್ಗೆ ಎಲ್ಲರಿಗಿಂತ ಮೊದಲು ಆ ನಾಯಿಯ ಎದುರು ನಿಲ್ಲುವವರು ಅವರು, ಆದರೆ ಅವರ ಮಾತು ಕೇಳುವವರು ಯಾರೂ ಇರುವುದಿಲ್ಲ.

ಪತ್ರಕ್ಕೂ ಜಗ್ಗದಿದ್ದರೆ ಅದರ ಪ್ರತಿ ಲಗತ್ತಿಸಿ ಪಾಲಿಕೆಯ ವಲಯ ಕಚೇರಿಗೆ, ಸಹಾಯಕ ಆಯುಕ್ತರ ಹೆಸರಿಗೆ, ಒಂದು ದೂರು ಕೊಡಿ, ಸ್ವೀಕೃತಿಯ ಸೀಲು ಹಾಕಿಸಿಕೊಳ್ಳಿ. ಪೊಲೀಸ್ ಠಾಣೆಗೂ ಒಂದು ಪ್ರತಿ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 291ನೇ ಸೆಕ್ಷನ್ ಇದಕ್ಕೆಂದೇ ಇದೆ. ತನ್ನ ವಶದಲ್ಲಿರುವ ಪ್ರಾಣಿಯಿಂದ ಮನುಷ್ಯರ ಜೀವಕ್ಕೆ ಅಪಾಯವೋ ತೀವ್ರ ಗಾಯವೋ ಆಗಬಹುದೆಂದಿದ್ದರೂ ಬೇಕಾದ ಎಚ್ಚರಿಕೆ ವಹಿಸದವರಿಗೆ ಆರು ತಿಂಗಳವರೆಗೆ ಸಜೆ, ಇಲ್ಲವೇ 5,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಹಳೇ ದಂಡಸಂಹಿತೆಯ 289ನೇ ಸೆಕ್ಷನ್ನೇ ಇದು, ದಂಡ ಮಾತ್ರ ಆಗ ಸಾವಿರ ಇತ್ತು. ಅಪಾಯ ಆಗಬಹುದು ಅನ್ನುವಷ್ಟಿದ್ದರೂ ಸೆಕ್ಷನ್ ಅನ್ವಯಿಸುತ್ತದೆ, ಕಚ್ಚಿರಲೇಬೇಕು ಅಂತಿಲ್ಲ. "ಕಚ್ಚಿಲ್ವಲ್ಲಮ್ಮ, ಕಚ್ಚಿದ ಮೇಲೆ ಬನ್ನಿ" ಅಂತ ಯಾರಾದರೂ ಹೇಳಿದರೆ ಈ ಮಾತನ್ನು ವಿನಯವಾಗಿಯೇ ಓದಿ ಹೇಳು. 2023ರ ಅಕ್ಟೋಬರ್‌ನಲ್ಲಿ ಬೆಂಗಳೂರಿನ ರಾಜರಾಜೇಶ್ವರಿನಗರದಲ್ಲಿ ಹೆಸರಾಂತ ಚಿತ್ರನಟರೊಬ್ಬರ ಮನೆಯ ನಾಯಿ ಮಹಿಳೆಯೊಬ್ಬರನ್ನು ಕಚ್ಚಿದಾಗ ಕೇಸು ದಾಖಲಾದದ್ದು ಆ 289ರ ಅಡಿಯಲ್ಲೇ. ಕಾರು ನಿಲ್ಲಿಸಿದ ಜಾಗದ ಬಗ್ಗೆ ಮಾತು ಬೆಳೆದು ಅಲ್ಲಿಗೆ ಹೋಗಿ ನಿಂತಿತು. ದೊಡ್ಡವರ ಮನೆ ಅಂತ ಕಾನೂನೇನೂ ಬದಲಾಗಲಿಲ್ಲ.

ನಾನಾದರೆ ಠಾಣೆಯ ಮೆಟ್ಟಿಲು ಹತ್ತುವ ಮುಂಚೆ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರಕ್ಕೆ ಹೋಗುತ್ತೇನೆ. ನ್ಯಾಯಾಲಯದ ಆವರಣದಲ್ಲೇ ಇದೆ. 1987ರ ಕಾಯ್ದೆಯ ಪ್ರಕಾರ ಹೆಂಗಸರಿಗೆ, ಅವರ ಆದಾಯ ಎಷ್ಟೇ ಇರಲಿ, ಅಲ್ಲಿ ವಕೀಲರ ನೆರವು ಉಚಿತ. ಕೇಸು ಹಾಕುವ ಮೊದಲೇ ಎರಡೂ ಕಡೆಯವರನ್ನು ಕೂರಿಸಿ ರಾಜಿ ಮಾಡಿಸುತ್ತಾರೆ. ಮಗನ ವಯಸ್ಸಿನ ವಕೀಲರು ಎದುರು ಕೂತು "ಗೇಟೊಂದು ಸರಿ ಮಾಡಿಸಿಬಿಡಿ ಸರ್" ಅಂದರೆ ಎಷ್ಟೋ ಹಿರಿಯರು ಒಪ್ಪಿಕೊಳ್ಳುತ್ತಾರೆ. ನೆರೆಯವಳಾದ ನೀನು ಹೇಳಿದಾಗ ಅಡ್ಡ ಬರುವ ಬಿಂಕ ಅಲ್ಲಿ ಬರುವುದಿಲ್ಲ. ಮಗುವಿಗೆ ಹಲ್ಲು ತಾಗಿದ್ದರೆ ಮಾತ್ರ ಈ ಸುತ್ತು ಬೇಡ, ಆಸ್ಪತ್ರೆಯ ಚೀಟಿ ಹಿಡಿದು ಅದೇ ದಿನ ಠಾಣೆಗೆ ಹೋಗಿ.

ಗೇಟು ಸರಿಯಾಯಿತು, ನಾಯಿಯನ್ನು ಹುಡುಗ ಚೈನಿನಲ್ಲಿ ಕರೆದೊಯ್ಯುತ್ತಿದ್ದಾನೆ ಅಂತಾದರೆ ಹೋಗಿ ಆಂಟಿಗೆ ಬಾಯಿ ತುಂಬಾ ಒಂದು ಮಾತು ಹೇಳು. ಎಷ್ಟೋ ಜನ ದೂರು ಹೇಳಲು ಹೋಗುತ್ತಾರೆ, ಸರಿಹೋದ ಮೇಲೆ ಆ ಕಡೆ ತಲೆ ಹಾಕುವುದಿಲ್ಲ. ಕೆಲವು ದಿನ ಗೇಟಿನ ಈಚೆಯಿಂದ ನಾಯಿಯನ್ನು ಹೆಸರು ಹಿಡಿದು ಕರೆ, ಹತ್ತಿರ ಹೋಗಬೇಕಿಲ್ಲ, ಕೈ ಒಳಗೆ ಹಾಕಲೇಬೇಡ. ನಿನ್ನ ದನಿ ಅದಕ್ಕೆ ಪರಿಚಯವಾಗಲಿ. ಚಿಲಕ ಮತ್ತೆ ಸಡಿಲವಾದರೆ ಮೊದಲು ಕಣ್ಣಿಗೆ ಬೀಳುವುದು ನಿನಗೇ, ಆಗ ಸಲೀಸಾಗಿ ಹೇಳುವಷ್ಟು ಬಳಕೆ ಇರಬೇಕು.

ಭಾನುವಾರ ಸಂಜೆ ನೀವು ಮಾತಾಡಲು ಹೋಗುವುದಾದರೆ ನಾನೂ ಬರುತ್ತೇನೆ. ಜಯಲಕ್ಷ್ಮೀಪುರಂನಿಂದ ನಿಮ್ಮ ಮನೆಗೆ ಎಷ್ಟು ಹೊತ್ತು, ನಾಲ್ಕು ಗಂಟೆಗೆ ಹೊರಟರೆ ಕಾಫಿಗೆ ಅಲ್ಲಿರುತ್ತೇನೆ. ಆ ಆಂಟಿಗೆ ನನ್ನ ವಯಸ್ಸೇ ಇರಬೇಕು, ಮಂಡಿನೋವಿನ ವಿಷಯದಿಂದಲೇ ಮಾತು ಶುರು ಮಾಡಬಹುದು. ನೋಟ್‌ಬುಕ್ ಮಾತ್ರ ಇವತ್ತಿನಿಂದಲೇ ಬರೆಯಲು ಶುರು ಮಾಡು, ಮಗನ ವ್ಯಾನಿನವರಿಗೂ ಇವತ್ತೇ ಹೇಳಿಬಿಡು.